ಸ್ಕ್ಯಾನರ್ ಒಳಗೆ ಅಲುಗಾಡದೆ ಮಲಗಿದವರಿಗೆ

ನನ್ನ ಪಿಎಚ್‌ಡಿ ಮುಗಿಯಿತು. ಥೀಸಿಸ್‌ನಲ್ಲಿ ನಿಮ್ಮ ಹೆಸರು ಹಾಕುವಂತಿಲ್ಲ, 'ಭಾಗವಹಿಸಿದವರು' ಎಂದಷ್ಟೇ ಬರೆಯಬೇಕಾಯಿತು. ಅದು ಸಾಲದು, ಅಲ್ವಾ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆ ಅಂತ ಗೊತ್ತಾಗಿ ನಿಮ್ಮಲ್ಲಿ ಹಲವರಿಗೆ ಹೆಚ್ಚು ದಿನ ಆಗಿರಲಿಲ್ಲ. ಆರಾಮಾಗಿ ನಡೆದು ಬಂದಿರಿ, ನಗುತ್ತಾ ಮಾತಾಡಿದಿರಿ. ಆಮೇಲೆ ಒಬ್ಬೊಬ್ಬರೇ ಹೇಳಿದಿರಿ: ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆಗೆ ಹತ್ತುವುದಿಲ್ಲ, ಹಿಂದೆ ಸಲೀಸಾಗಿದ್ದ ಲೆಕ್ಕಕ್ಕೆ ಈಗ ಜಾಸ್ತಿ ಹೊತ್ತು ಬೇಕು. 'ಸುಮ್ನೆ ಟೆನ್ಷನ್ ಮಾಡ್ಕೋತೀಯ' ಎಂದು ಮನೆಯವರು ಅಂದದ್ದನ್ನೂ ಹೇಳಿದಿರಿ. ಟೆನ್ಷನ್ ಅಲ್ಲ. ಈ ಕಾಯಿಲೆಯಲ್ಲಿ ಯೋಚನೆ ನಿಧಾನವಾಗುವುದನ್ನು ಫ್ರಾನ್ಸಿನ ನರವೈದ್ಯ ಶಾರ್ಕೋ 19ನೇ ಶತಮಾನದಲ್ಲೇ ಗಮನಿಸಿದ್ದ. ಚಿಹ್ನೆಗೆ ಅಂಕಿ ಹೊಂದಿಸುವ ಆ 90 ಸೆಕೆಂಡಿನ ಪರೀಕ್ಷೆ, ನೀವೆಲ್ಲ ಬೈದುಕೊಂಡೇ ಮಾಡಿದ್ದು, ಹಿಡಿಯುವುದು ಇದನ್ನೇ.

ತೊಡಕಿರುವುದು ಚಿತ್ರದಲ್ಲಿ. ಸಾಮಾನ್ಯ ಎಂಆರ್‌ಐನಲ್ಲಿ ಕಾಣುವ ಬಿಳಿ ಕಲೆಗಳಿಗೂ ಯೋಚನೆಯ ವೇಗಕ್ಕೂ ಅಷ್ಟಾಗಿ ತಾಳೆಯಾಗುವುದಿಲ್ಲ. ಅದಕ್ಕೇ ನಿಮ್ಮನ್ನು ಅಷ್ಟು ಹೊತ್ತು ಮಲಗಿಸಿದ್ದು. ಒಂದು ಸ್ಕ್ಯಾನ್ ಥಲಾಮಸ್ ಅಳೆಯುವುದಕ್ಕೆ. ಮಿದುಳಿನ ಬಹುತೇಕ ಸುದ್ದಿಗಳು ಹಾದುಹೋಗುವ ಈ ಜಂಕ್ಷನ್ ಕಾಯಿಲೆಯ ಶುರುವಿನಲ್ಲೇ ಸೊರಗತೊಡಗುತ್ತದೆ. ಇನ್ನೊಂದು, ನರತಂತುಗಳ ಗುಂಟ ನೀರು ಹೇಗೆ ಹರಿಯುತ್ತದೆ ಎಂದು ನೋಡುವುದಕ್ಕೆ. ತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಹೊದಿಕೆ ಹಾಳಾದ ಕಡೆ ನೀರು ಅಡ್ಡಡ್ಡ ಹರಡಿಕೊಳ್ಳುತ್ತದೆ. ಆ ಡಗಡಗ ಸದ್ದಿನಲ್ಲಿ ಗುಂಡಿ ಒತ್ತಿಸಿದೆನಲ್ಲ, ಅದು ಎಫ್‌ಎಂಆರ್‌ಐ, ಕೆಲಸ ಮಾಡುವಾಗ ಮಿದುಳಿನ ಯಾವ ಭಾಗ ದುಡಿಯುತ್ತದೆ ಎಂದು ತೋರಿಸುವ ಸ್ಕ್ಯಾನ್. ಉತ್ತರ ಸರಿಯಾಗಿಯೇ ಬರಬಹುದು, ಆದರೆ ಅದೇ ಉತ್ತರಕ್ಕೆ ಮಿದುಳು ಬೇರೆ ಭಾಗಗಳನ್ನೂ ದುಡಿಸಿಕೊಳ್ಳುತ್ತಿರಬಹುದು. ಹೊರಗಿನಿಂದ ನೋಡುವವರಿಗೆ ಈ ಹೆಚ್ಚುವರಿ ದುಡಿಮೆ ಕಾಣುವುದೇ ಇಲ್ಲ.

ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಈ ಚಿತ್ರಗಳು ಕೆಡುತ್ತವೆ. ಒಬ್ಬರು ಹೊರಗೆ ಬಂದ ತಕ್ಷಣ ಮಾಡಿದ ಮೊದಲ ಕೆಲಸ ಮೂಗು ಕೆರೆದುಕೊಂಡದ್ದು. ಶುರುವಿನಿಂದಲೂ ತುರಿಸುತ್ತಿತ್ತಂತೆ! ನಮ್ಮನ್ನು ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಬಲ್ಬನ್ನು ಒತ್ತಿರಲಿಲ್ಲ.

ಹೋಲಿಸಿ ನೋಡಲು ಆರೋಗ್ಯವಾಗಿರುವವರೂ ಬೇಕಿತ್ತು. ಜೊತೆಗೆ ಬಂದ ಅಕ್ಕಂದಿರು, ಗಂಡಂದಿರು, ಗೆಳತಿಯರು 'ನಾನೂ ಮಲಗ್ತೀನಿ' ಅಂದಿರಿ. ನಿಮಗೂ ಥ್ಯಾಂಕ್ಸ್. ಸ್ಕ್ಯಾನ್‌ಗಳ ನಡುವೆ ಮೈಕಿನಲ್ಲಿ ಧೈರ್ಯ ಹೇಳುತ್ತಿದ್ದ ಟೆಕ್ನಿಷಿಯನ್‌ಗಂತೂ ನಾನು ಸದಾ ಋಣಿ.

'ನನಗೆ ಮುಂದೆ ಏನಾಗುತ್ತೆ?' ಎಂದು ಕೆಲವರು ಕೇಳಿದ್ದಿರಿ. ನಾವು ನೋಡಿದ್ದು ಗುಂಪಿನ ಸರಾಸರಿ. ಒಬ್ಬರ ಮುಂದಿನ ದಿನಗಳನ್ನು ಅದರಿಂದ ಹೇಳಲಾಗದು, ಹೇಳಿದರೆ ಸುಳ್ಳಾಗುತ್ತದೆ.

ತಮ್ಮ ಮಿದುಳಿನ ಚಿತ್ರ ಬೇಕು ಅಂದಿದ್ದವರೇ, ಮರೆತಿಲ್ಲ. ಪ್ರಿಂಟ್ ತೆಗೆಸಿಟ್ಟಿದ್ದೇನೆ, ಬಂದು ತಗೊಳ್ಳಿ.