ನಲವತ್ತು ಚಾಕು, ನೂರಾರು ನಮಸ್ಕಾರ

ಪುಣೆ ಹತ್ತಿರದ ಭೋಸರಿಯ ನಮ್ಮ ಶೆಡ್ಡಿನಿಂದ 40 ಡಮಾಸ್ಕಸ್ (ಎರಡು ಬಗೆಯ ಉಕ್ಕಿನ ಪದರ ಬೆಸೆದು ಬಡಿದ) ಅಡಿಗೆ ಚಾಕುಗಳ ಮೊದಲ ದೊಡ್ಡ ಆರ್ಡರ್ ನಿನ್ನೆ ಹೊರಟಿತು. ಅಲಗಿನ ಮೇಲಿನ ಗೆರೆ ನೋಡಿದವರೆಲ್ಲ ಆಸಿಡ್ಡಿನ ಕೈಚಳಕ ಅಂತಾರೆ. ಆದರೆ ಹದ ತಪ್ಪಿದ ಉಕ್ಕನ್ನು ಎಷ್ಟು ಹೊತ್ತು ಅದ್ದಿದರೂ ಬಣ್ಣ ಮಂಕೇ. ಆ ಹದ ಕಾಯ್ದವರಿಗೆ ಈ ಬರಹ.

ಭಾನುವಾರಗಳಲ್ಲಿ ತಮ್ಮ ಫರ್ನೇಸ್ ಬಿಟ್ಟುಕೊಟ್ಟ ಬಿಜಾಪುರದ ಕಾಕಾ ಅವರಿಗೆ ಮೊದಲ ನಮಸ್ಕಾರ. ನಮ್ಮದು 1084 ಮತ್ತು 15ಎನ್20 ಎಂಬ ಎರಡು ದರ್ಜೆಯ ಉಕ್ಕಿನ ಪದರ. ಬಡಿದು ಮುಗಿಸಿದ ಮೇಲೆ 870, 815, 760 ಡಿಗ್ರಿ ಹೀಗೆ ಮೂರು ಸಲ ಕಾಯಿಸಿ, ಪ್ರತಿ ಸಲ ಗಾಳಿಯಲ್ಲೇ ಆರಲು ಬಿಡಬೇಕು. ಈ ಮೂರು ಸುತ್ತು ಬಿಟ್ಟ ತುಂಡನ್ನು ಕಾಕಾ ಮುರಿದು ತೋರಿಸಿದರು: ಒಳಗೆ ಬನ್ಸಿ ರವೆಯಂಥ ಹೊಳೆಯುವ ಕಾಳು. ಸುತ್ತು ಮುಗಿಸಿದ್ದು ಬೂದಿಯಷ್ಟು ನುಣುಪು.

ಗಟ್ಟಿಯಾಗಿಸಲು ಮತ್ತೆ ಕಾಯಿಸುವಾಗ, ಮ್ಯಾಗ್ನೆಟ್ ಹಿಡಿಯುವುದು ನಿಂತಿತೆಂದು ಅಲ್ಲೇ ಎಣ್ಣೆಗೆ ಹಾಕಬಾರದು. ಅದು ಸುಮಾರು 770 ಡಿಗ್ರಿ. 810ಕ್ಕೆ ಏರಿಸಿ 5 ನಿಮಿಷ ನಿಲ್ಲಿಸಿ, ಎಣ್ಣೆಗೆ ಇಳಿಸಬೇಕು. ಎಣ್ಣೆ 50 ಡಿಗ್ರಿ ಬೆಚ್ಚಗಿರಲಿ. ತಣ್ಣಗಿದ್ದರೆ ದಪ್ಪವಾಗಿ, ಉಕ್ಕನ್ನು ನಿಧಾನ ತಣಿಸುತ್ತದೆ. ಡಬ್ಬಿ ಫರ್ನೇಸಿನ ಬಾಗಿಲ ಪಕ್ಕದಲ್ಲೇ ಇರಬೇಕು, ಈ ಉಕ್ಕು ಒಂದು ಸೆಕೆಂಡಿನ ತಡವನ್ನೂ ಸಹಿಸುವುದಿಲ್ಲ. ಅಲಗನ್ನು ಹಿಂದೆ ಮುಂದೆ ಆಡಿಸಿ. ಅಡ್ಡಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಅಂಚನ್ನು ಮೊದಲೇ ತೆಳ್ಳಗೆ ಮಾಡಿದರೂ ಅಷ್ಟೇ, 1 ಮಿ.ಮೀ. ಉಳಿಸಿಕೊಳ್ಳಿ. ಕೈಗೆ ಬೆಚ್ಚಗಿರುವಾಗಲೇ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಟೆಂಪರಿಂಗ್, ಅಂದರೆ ಉಕ್ಕಿನ ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದು.

ಅರ ಜಾರುತ್ತದೋ ಇಲ್ಲವೋ (ಜಾರಿದರೆ ಉಕ್ಕು ಗಟ್ಟಿ, ಕಚ್ಚಿದರೆ ಮೆದು) ಎಂದು ಒಂದೊಂದನ್ನೂ ಉಜ್ಜಿ ನೋಡಿದ ಹುಡುಗರಿಗೂ ಶರಣು. ಮೇಲ್ಪದರದಲ್ಲಿ ಇಂಗಾಲ ಹೋಗಿದ್ದರೆ ಅರ ಮೊದಲು ಕಚ್ಚುತ್ತದೆ. ಆ ಪದರ ಹೋಗುವ ತನಕ ತಿಕ್ಕಿ ಮತ್ತೆ ನೋಡಬೇಕು. ತಿಕ್ಕದೆ ಅದ್ದಿದ ಅಲಗಿನ ಮೇಲೆ ಬಿಳಿಚಿದ ಮಚ್ಚೆ ಕೂತುಬಿಡುತ್ತದೆ.

ಪುಣೆಯ ತಾಪ್ಕೀರ್ ಗಲ್ಲಿಯ ಅಂಗಡಿಯ ಅಣ್ಣ, ಗೆರೆ ಎಬ್ಬಿಸಲು ಅಲಗನ್ನು ಅದ್ದುವ ಫೆರಿಕ್ ಕ್ಲೋರೈಡ್ ಕೊಡುವಾಗಲೇ ಎಚ್ಚರಿಸಿದ್ದರು: ಗ್ಲೌಸ್ ಬಿಡಬೇಡಿ, ಸ್ಟೀಲ್ ಪಾತ್ರೆಗೆ ಹಾಕಬೇಡಿ. ದ್ರಾವಣ 1 ಪಾಲು, ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) 3 ಪಾಲು. ಗಟ್ಟಿಯಾಗಿ ಹಾಕಿದರೆ ಬೇಗ ಆಗುತ್ತದೆ ನಿಜ, ಗೆರೆಯ ಅಂಚು ಮಾತ್ರ ತಿಂದುಹೋಗುತ್ತದೆ. 800 ನಂಬರ್ ಪೇಪರಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, 10 ನಿಮಿಷದಂತೆ ನಾಲ್ಕು ಸಲ ಅದ್ದಿ. ಪ್ರತಿ ಸಲ ಕಪ್ಪು ಮಸಿ ತೊಳೆಯಿರಿ. ಒಂದು ಬೆರಳ ಜಿಡ್ಡು ಸಾಕು, ಆ ಬೆರಳಿನ ಗುರುತೇ ಉಕ್ಕಿನಲ್ಲಿ ಮೂಡುತ್ತದೆ. 15ಎನ್20ಯಲ್ಲಿ ಶೇ. 2ರಷ್ಟು ನಿಕಲ್ ಇರುವುದರಿಂದ ಅದು ಬೆಳ್ಳಗೆ ಉಳಿಯುತ್ತದೆ. 1084 ಕಪ್ಪಾಗಿ ತಗ್ಗುತ್ತದೆ.

ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಗಟ್ಟಿ ಇನ್‌ಸ್ಟಂಟ್ ಕಾಫಿಯಲ್ಲಿ ರಾತ್ರಿಯಿಡೀ ನೆನೆಸಿದೆವು. ಬಕೆಟ್ಟುಗಟ್ಟಲೆ ಆರಿದ ಕಾಫಿಗೆ ಅಡಿಗೆಮನೆ ಬಿಟ್ಟುಕೊಟ್ಟ ವೈನಿ ಅವರ ಋಣ ದೊಡ್ಡದು. ಆ ಕಪ್ಪಿನ ಆಳ ಅವರದ್ದೇ.

ಕೊಂಡವರಿಗೂ ಕೃತಜ್ಞತೆ. ಪುಣೆಯ ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ; ಒರೆಸಿ, ಆಹಾರಕ್ಕೆ ಬಳಸುವ ಮಿನರಲ್ ಆಯಿಲ್ ಸವರಿಡಿ. ಗೆರೆ ಮಸುಕಾದರೆ ತನ್ನಿ, ಮತ್ತೆ ಅದ್ದಿ ಕೊಡುತ್ತೇವೆ.