ಆಯುಧಪೂಜೆಗೆ ಮೊದಲು ಇಂಡಿಕೇಟರ್ ಬಿಚ್ಚಿ ನೋಡಿ

ಮಾನ್ಯರೇ,

ನಾನು ಮೇಗರವಳ್ಳಿ ಕಡೆಯ ಅಡಿಕೆ ಬೆಳೆಗಾರ. ದಿನಾ ಬೆಳಿಗ್ಗೆ ಬೈಕಿನಲ್ಲಿ ಹೋಗಿ ಡೈರಿಗೆ ಹಾಲು ಹಾಕಿ ಬರುತ್ತೇನೆ. ಆಗುಂಬೆ ರಸ್ತೆಯಿಂದ ಬಲಕ್ಕೆ ತಿರುಗಬೇಕು. ಈ ಸಲ ಪುನರ್ವಸು ಮಳೆಯಲ್ಲಿ, ಹತ್ತು ಮಾರು ಆಚೆ ಏನೂ ಕಾಣದ ಮಂಜಿನಲ್ಲಿ, ಇಂಡಿಕೇಟರ್ ಹಾಕಿಯೇ ತಿರುಗಿಸಿದೆ. ಹಿಂದಿನಿಂದ ಬಂದ ಕಾರು ಹ್ಯಾಂಡಲ್‌ಗೆ ತಾಗಿಕೊಂಡು ಹೋಯಿತು. ಹಾಲಿನ ಕ್ಯಾನ್ ಚರಂಡಿಗೆ ಬಿತ್ತು, ನನ್ನ ಮೊಣಕಾಲು ತರಚಿತು. ಕಾರಿನವರು ಇಳಿದು ಬಂದು, "ಇಂಡಿಕೇಟರ್ ಹಾಕಲೇ ಇಲ್ವಲ್ಲ ನೀವು" ಎಂದರು. ನನಗೆ ಸಿಟ್ಟು ಬಂತು. ಹಿಂದೆ ಹೋಗಿ ನೋಡಿದರೆ ಅವರು ಹೇಳಿದ್ದೇ ಸರಿ. ಮುಂದಿನ ದೀಪ ಮಿನುಗುತ್ತಿತ್ತು, ಹಿಂದಿನದು ಉರಿಯುತ್ತಲೇ ಇರಲಿಲ್ಲ.

ಒಂದು ವಾರದಿಂದ ಬಲಗಡೆ ಇಂಡಿಕೇಟರ್ ವಿಪರೀತ ಬೇಗ ಬೇಗ ಮಿನುಗುತ್ತಿತ್ತು. ಅದು ಏನು ಹೇಳುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮೂರ ಮೆಕ್ಯಾನಿಕ್ ಬಿಡಿಸಿ ಹೇಳಿದರು. ನನ್ನ ಬೈಕಿಗೆ ಒಂದೊಂದು ಬದಿಗೆ 10 ವ್ಯಾಟಿನ ಎರಡು ಬಲ್ಬ್. ಒಂದು ಆರಿದರೆ ಲೋಡ್, ಅಂದರೆ ಬಲ್ಬುಗಳು ಎಳೆಯುವ ಕರೆಂಟು, ಅರ್ಧಕ್ಕೆ ಇಳಿಯುತ್ತದೆ, ಆಗ ದೀಪ ಮಿನುಗಿಸುವ ಫ್ಲಾಷರ್ ಬೇಗ ಬೇಗ ಹೊಡೆದುಕೊಳ್ಳುತ್ತದೆ. ಹಳೇ ಕಾಲದ ಫ್ಲಾಷರ್ ಆದರೆ ಉಲ್ಟಾ. ನಿಧಾನ ಆಗುತ್ತದೆ, ಇಲ್ಲವೇ ಮಿನುಗದೆ ಸುಮ್ನೆ ಉರಿಯುತ್ತದೆ. ಸರಿಯಿದ್ದರೆ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಚಂದ ಕಾಣಲಿ ಎಂದು ಎಲ್‌ಇಡಿ ಹಾಕಿಸಿದರೂ ಲೋಡ್ ಕಡಿಮೆಯಾಗಿ ಇದೇ ಕಥೆ. ಅದಕ್ಕೆ ಹೊಂದುವ ಫ್ಲಾಷರ್ ಬೇರೆ ಹಾಕಿಸಬೇಕು.

ನನ್ನ ಬೈಕಿನಲ್ಲಿ ಬಲ್ಬ್ ಹೋಗಿರಲೇ ಇಲ್ಲ! ಸ್ಕ್ರೂ ಬಿಚ್ಚಿ ಲೆನ್ಸ್ ತೆಗೆದರೆ ಒಳಗೆ ಚಮಚದಷ್ಟು ನೀರು. ಹೋಲ್ಡರ್ ಕೆಂಪಗೆ ತುಕ್ಕು ಹಿಡಿದಿತ್ತು, ತಳದಲ್ಲಿ ಹಸಿರು ಕಿಲುಬು. ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಸಿಗದೆ ಬಲ್ಬ್ ಉರಿಯುತ್ತಿರಲಿಲ್ಲ. ಎಮರಿ ಪೇಪರಿನಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಚೂರು ವ್ಯಾಸಲೀನ್ ಸವರಿ ಹಾಕಿದ ಕೂಡಲೇ ಹತ್ತಿಕೊಂಡಿತು. ಹತ್ತು ನಿಮಿಷದ ಕೆಲಸ. ಸ್ಕ್ರೂ ಮಾತ್ರ ಜಾಸ್ತಿ ಬಿಗಿ ಮಾಡಬಾರದು. ಲೆನ್ಸ್ ಬಿರುಕು ಬಿಟ್ಟರೆ ಮತ್ತೆ ನೀರು ಇಳಿಯುತ್ತದೆ.

ನಾಲ್ಕು ತಿಂಗಳು ಮಳೆಯಲ್ಲೇ ಓಡುವ ನಮ್ಮ ಮಲೆನಾಡಿನ ಬೈಕುಗಳಲ್ಲಿ ಎಷ್ಟರ ಸ್ಥಿತಿ ಹೀಗಿದೆಯೋ! ಇನ್ನು ಆಯುಧಪೂಜೆ ಬಂತು. ಎಲ್ಲರೂ ವಾಟರ್ ಸರ್ವಿಸ್ ಮಾಡಿಸುತ್ತೇವೆ. ಪ್ರೆಷರ್ ಪೈಪನ್ನು ಇಂಡಿಕೇಟರಿಗೆ ನೇರ ಹಿಡಿಯಬೇಡಿ ಎಂದು ದಯವಿಟ್ಟು ಹೇಳಿ. ತೊಳೆದ ಮೇಲೆ ನಾಲ್ಕೂ ಲೆನ್ಸ್ ಬಿಚ್ಚಿ ಒಳಗೆ ನೋಡಿ. ಹಾರ ಕಟ್ಟುವಾಗ ದೀಪ ಮುಚ್ಚದಂತೆ ಕಟ್ಟಿ. ಹುಲ್ಲಿನ ಹೊರೆ ಹೇರಿಕೊಂಡು ಹೋಗುವವರಿಗೂ ಇದೇ ಮಾತು. ಗ್ಯಾರೇಜಿನ ಅಣ್ಣಂದಿರು ಆಯಿಲ್ ಬದಲಿಸುವಾಗ ಇದನ್ನೂ ಒಮ್ಮೆ ನೋಡಿ ಕೊಟ್ಟರೆ ದೊಡ್ಡ ಉಪಕಾರ.

ಹಿಂದಿನ ದೀಪ ಒಬ್ಬರೇ ನೋಡಿಕೊಳ್ಳುವುದು ಕಷ್ಟ, ಅಲ್ವಾ? ನಾನೀಗ ಕ್ಯಾನ್ ಕಟ್ಟುವ ಮೊದಲು ಬೈಕಿನ ಹಿಂಬದಿಯನ್ನು ಕೊಟ್ಟಿಗೆಯ ಗೋಡೆಗೆ ಮಾಡಿ ನಿಲ್ಲಿಸುತ್ತೇನೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾಕುತ್ತೇನೆ. ನಸುಕಿನ ಕತ್ತಲಲ್ಲಿ ಸುಣ್ಣದ ಗೋಡೆಯ ಮೇಲೆ ಹಳದಿ ಬೆಳಕು ಬಡಿದರೆ ಹೊರಡುತ್ತೇನೆ.

– ಒಬ್ಬ ಕೃಷಿಕ, ತೀರ್ಥಹಳ್ಳಿ ತಾಲ್ಲೂಕು