ಮೊದಲು ನಕ್ಷೆ, ಆಮೇಲೆ ಬಾವುಟ

ಮಾನ್ಯ ಸಂಪಾದಕರೇ,

ಮೇಜಿನ ಮೇಲಿನ ಯುದ್ಧದಾಟಕ್ಕೆ ಕಾಲ್ಪನಿಕ ದೇಶ ಕಟ್ಟುವ ನಮ್ಮ ಹುಡುಗರು ಮೊದಲು ರಾಜನ ಹೆಸರು, ಬಾವುಟ ಹುಡುಕುತ್ತಾರೆ. ಆಟ ಕೆಡುವುದು ಅಲ್ಲಿಂದಲೇ. ಮೊದಲು ಬೆಟ್ಟ ಬರೆಯಿರಿ, ಆಮೇಲೆ ನದಿ. ನದಿಗಳು ಇಳಿಯುತ್ತಾ ಒಂದಕ್ಕೊಂದು ಕೂಡುತ್ತವೆ. ಸಮುದ್ರದ ಹತ್ತಿರವಲ್ಲದೆ ಕವಲೊಡೆಯುವುದು ಅಪರೂಪ. ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆಯಂಥ ಜಾಗದಲ್ಲಿ ಪೇಟೆ, ಘಾಟಿಯ ಬಾಯಲ್ಲಿ ಕೋಟೆ ಇಡಿ. ಭಾಗಮಂಡಲದಲ್ಲಿ ಸುರಿದಷ್ಟು ಮಳೆ ಕುಶಾಲನಗರದಲ್ಲಿ ಸುರಿಯದು. ನಿಮ್ಮ ನಕ್ಷೆಯಲ್ಲೂ ಬೆಟ್ಟದ ಮರೆಯ ಬದಿ ಒಣಗಿರಲಿ.

ನಕ್ಷೆಯ ಮೇಲೆ ಷಟ್ಕೋನದ ಮನೆಗಳನ್ನು ಗೀಚಿ, ಮನೆಯೊಂದಕ್ಕೆ 5 ಕಿ.ಮೀ. ಹಿಡಿಯಿರಿ. ಕಾಲಾಳಿಗೆ ದಿನಕ್ಕೆ ರಸ್ತೆಯಲ್ಲಿ 4 ಮನೆ, ಕಾಡುಗುಡ್ಡದಲ್ಲಿ 1 ಸಾಕು. ಸೈನ್ಯ ಜನಸಂಖ್ಯೆಯ ನೂರಕ್ಕೆ ಒಂದರಷ್ಟಿರಲಿ: 20 ಲಕ್ಷಕ್ಕೆ 20,000. ತಲೆಗೆ ದಿನಕ್ಕೆ 1 ಕಿಲೋ ದವಸವೆಂದರೂ 20 ಟನ್ ಸಾಗಿಸಬೇಕು, ಕುದುರೆಗಳ ಮೇವು ಬೇರೆ. ಈ ಲೆಕ್ಕ ಬಿಟ್ಟರೆ ಸೈನ್ಯ ಗಡಿಯಿಂದ ನೇರ ರಾಜಧಾನಿಗೆ ನುಗ್ಗಿ ಆಟ ಒಂದೇ ಕದನಕ್ಕೆ ಮುಗಿಯುತ್ತದೆ. ಎರಡೂ ದೇಶ ಸರಿಸಮವಿದ್ದರೆ ಯಾರೂ ಕದಲುವುದಿಲ್ಲ. ಒಂದಕ್ಕೆ ಬಂದರು, ಇನ್ನೊಂದಕ್ಕೆ ಭತ್ತದ ಬಯಲು ಕೊಡಿ.

1824ರಲ್ಲಿ ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ಸೇನಾಧಿಕಾರಿಗಳಿಗೆಂದು ರೂಪಿಸಿದ ಇಂಥ ಆಟಕ್ಕೆ 1:8,000 ಅಳತೆಯ ನಕ್ಷೆಯೂ ತೀರ್ಪುಗಾರನೂ ಇರುತ್ತಿದ್ದರು. ಭೂಗೋಳ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ. ಜಿಲ್ಲೆಯ ಗ್ರಂಥಾಲಯಗಳು ಭಾನುವಾರ ಒಂದು ದೊಡ್ಡ ಮೇಜು ಬಿಟ್ಟುಕೊಡಲಿ.

ಯುದ್ಧದಾಟದ ಆಸಕ್ತರು, ಮಡಿಕೇರಿ